ಆ ಥಿಯೇಟರಿನಲ್ಲಿ ಹಾಡು ಬೇಕೇ?

ನಮ್ಮ ಮಾತಿನಲ್ಲಿ ಥಿಯೇಟರ್ ಎರಡು ಬಗೆ. ಒಂದರಲ್ಲಿ ಹಾಡು ಇಲ್ಲದಿದ್ದರೆ ಜನ ಟಿಕೆಟ್ ದುಡ್ಡು ವಾಪಸು ಕೊಡಿ ಅನ್ನುತ್ತಾರೆ. ಇನ್ನೊಂದರ ಬಾಗಿಲ ಮೇಲೆ ಕೆಂಪು ದೀಪ ಉರಿಯುತ್ತಿರುತ್ತದೆ. ಹೊರಗೆ ಬೆಂಚಿನ ಮೇಲೆ ಕೂತವರಿಗೆ ಹಾಡಿನ ಯೋಚನೆಯೇ ಬರುವುದಿಲ್ಲ. ಈ ವಾರ ಆ ಎರಡನೆಯ ಥಿಯೇಟರಿನ ಮಾತು. ದಿನ ಗೊತ್ತುಮಾಡಿಕೊಂಡು ಸಿಸೇರಿಯನ್ ಹೆರಿಗೆ ಮಾಡಿಸುವಾಗ ತಾಯಿಗೆ ಕೇಳುವಂತೆ ಹಾಡು ಹಾಕಬಹುದೇ? ಹಾಕಿದರೆ ಯಾವುದು? ಅದನ್ನು ಆರಿಸಬೇಕಾದವರು ಯಾರು?

ದೇವನಹಳ್ಳಿಯ ನಮ್ಮ ಮನೆಯಲ್ಲಿ ಈ ವರ್ಷ ಇದೇ ಚರ್ಚೆ ಒಂದು ವಾರ ನಡೆಯಿತು. ಮಕ್ಕಳ ಮುಂದೆ ಇಂಥ ವಿಷಯ ಯಾಕೆ ಎಂದು ಕೆಲವು ಹಿರಿಯರು ಮೂಗು ಮುರಿಯಬಹುದು. ಆದರೆ ಈ ಪತ್ರಿಕೆ ಓದುವ ಮಕ್ಕಳಲ್ಲಿ ಎಷ್ಟೋ ಜನ ಸಿಸೇರಿಯನ್‌ನಲ್ಲೇ ಹುಟ್ಟಿದವರು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ನೂರು ಹೆರಿಗೆಗಳಲ್ಲಿ 21ಕ್ಕೂ ಹೆಚ್ಚು, ನಮ್ಮ ಕರ್ನಾಟಕದಲ್ಲಿ ಸುಮಾರು 31 ಸಿಸೇರಿಯನ್. ತಾನು ಹುಟ್ಟಿದ ಬಗೆಯನ್ನು ತಿಳಿದುಕೊಳ್ಳುವುದರಲ್ಲಿ ನಾಚಿಕೆಪಡುವಂಥದ್ದು ಏನಿದೆ?

ಮೊದಲಿಗೆ ಒಂದು ಮಾತು. ಹೆರಿಗೆಯ ಕೋಣೆಯಲ್ಲಿ ಸದ್ದು ಇರುವುದು ಹೊಸ ಸಂಗತಿಯಲ್ಲ. ನಮ್ಮ ಅಮ್ಮಂದಿರ ಕಾಲದಲ್ಲಿ ಮನೆಯ ನಡುಕೋಣೆಯಲ್ಲೇ ಹೆರಿಗೆ. ಸೂಲಗಿತ್ತಿ ಬಂದು ಕೂತಳೆಂದರೆ ಬಾಯಿಗೆ ಬಿಡುವಿಲ್ಲ. ‘ಇನ್ನೊಂಚೂರು ಕಣಮ್ಮ, ಆಯ್ತು ಕಣಮ್ಮ’ ಎಂದು ಹೇಳುತ್ತಲೇ ಬೆನ್ನು ನೀವುತ್ತಿದ್ದಳು. ಬಸುರಿಗೆ ಸೀಮಂತದಲ್ಲಿ ಸೋಬಾನೆ, ಮಗುವಿಗೆ ತೊಟ್ಟಿಲಲ್ಲಿ ಜೋಗುಳ. ಆ ಎರಡು ಹಾಡುಗಳ ನಡುವಿನ ಕಷ್ಟದ ಹೊತ್ತಿಗೆ ಸೂಲಗಿತ್ತಿಯ ದನಿಯೇ ಆಸರೆ. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರ ಹೆಸರು ನೀವು ಕೇಳಿರಬೇಕು. 15,000ಕ್ಕೂ ಹೆಚ್ಚು ಹೆರಿಗೆಗಳನ್ನು ಕಾಸು ಕೇಳದೆ ಮಾಡಿಸಿದ ತಾಯಿ. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು. ಅವರ ಕೈಗುಣವನ್ನು ಎಲ್ಲರೂ ಹೊಗಳುತ್ತಾರೆ. ಕೈ ಜೊತೆಗೆ ಧೈರ್ಯ ಹೇಳುವ ಬಾಯಿಯೂ ಇಲ್ಲದೆ ಅಷ್ಟು ಮನೆಗಳವರು ನಂಬಿ ಕರೆಯುತ್ತಿದ್ದರೇ?

ಹೊಟ್ಟೆ ಕುಯ್ದು ಮಗು ತೆಗೆಯುವಾಗಲೂ ಸದ್ದು ಇದ್ದ ಒಂದು ಹಳೆಯ ಕಥೆಯಿದೆ. 1879ರಲ್ಲಿ ರಾಬರ್ಟ್ ಫೆಲ್ಕಿನ್ ಎಂಬಾತ ಆಫ್ರಿಕಾದ ಇಂದಿನ ಉಗಾಂಡದಲ್ಲಿ ಕಣ್ಣಾರೆ ನೋಡಿ ಬರೆದದ್ದು. ಗುಡಿಸಲಿನಲ್ಲಿ ಸ್ಥಳೀಯ ವೈದ್ಯನೊಬ್ಬ ಗರ್ಭಿಣಿಗೆ ಬಾಳೆಹಣ್ಣಿನ ಮದ್ಯ ಕುಡಿಸಿ, ಅದರಿಂದಲೇ ತನ್ನ ಕೈಗಳನ್ನೂ ಆಕೆಯ ಹೊಟ್ಟೆಯನ್ನೂ ತೊಳೆದ. ಚಾಕು ಹಿಡಿದು ಮಂತ್ರದಂತೆ ಏನೋ ಗೊಣಗಿ, ಜೋರಾಗಿ ಒಂದು ಕೂಗು ಹಾಕಿದ. ಗುಡಿಸಲಿನ ಹೊರಗೆ ನಿಂತ ಜನ ಅದೇ ಕೂಗನ್ನು ತಿರುಗಿ ಕೂಗಿದರು. ಆಮೇಲೆ ಕೆಲಸ ಶುರು. ತಾಯಿ ಮಗು ಇಬ್ಬರೂ ಉಳಿದರು. ಆ ಕೂಗು ಯಾತಕ್ಕೆಂದು ಫೆಲ್ಕಿನ್‌ಗೆ ತಿಳಿದಿತ್ತೋ ಇಲ್ಲವೋ. ನನಗಂತೂ ಅದು ‘ಹೊರಗೆ ನಾವಿದ್ದೇವೆ, ಹೆದರಬೇಡ’ ಎಂದು ಹೇಳಿದಂತೆ ಕೇಳುತ್ತದೆ.

ಈಗಿನ ಸಿಸೇರಿಯನ್ ಹೇಗೆ ನಡೆಯುತ್ತದೆಂದು ಮಕ್ಕಳಿಗೆ ಹೇಳಬೇಕು. ಹಾಡಿನ ಪ್ರಶ್ನೆ ಏಳುವುದೇ ಅದರಿಂದ. ನಮ್ಮೂರ ಕೋಟೆಯ ಹತ್ತಿರ ಟಿಪ್ಪು ಸುಲ್ತಾನ್ ಹುಟ್ಟಿದ ಜಾಗ ಎಂದು ತೋರಿಸುವ ಮಂಟಪ ಇದೆಯಲ್ಲ, ಅವನು ಹುಟ್ಟಿದ್ದು 1750ರಲ್ಲಿ. ಆಗ ಇಂದಿನಂಥ ಅರಿವಳಿಕೆ ಪ್ರಪಂಚದಲ್ಲೆಲ್ಲೂ ಇರಲಿಲ್ಲ. ಈಥರ್ ಕೊಟ್ಟು ಆಪರೇಷನ್ ಮಾಡಬಹುದೆಂದು ಬಾಸ್ಟನ್‌ನಲ್ಲಿ ಎಲ್ಲರೆದುರು ತೋರಿಸಿದ್ದು 1846ರಲ್ಲಿ. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗೆ ಮಾತ್ರ ಮರಗಟ್ಟಿಸುವ ಉಪಾಯವನ್ನು ಜರ್ಮನಿಯ ಆಗಸ್ಟ್ ಬಿಯರ್ ಮಾಡಿ ನೋಡಿದ್ದು 1898ರಲ್ಲಿ. ದಿನ ಗೊತ್ತುಮಾಡಿದ ಸಿಸೇರಿಯನ್‌ಗೆ ಇಂದು ಹೆಚ್ಚಾಗಿ ಈ ಬೆನ್ನಿನ ಇಂಜೆಕ್ಷನ್ನೇ. ಎದೆಯ ಕೆಳಗೆ ನೋವು ತಿಳಿಯುವುದಿಲ್ಲ. ಮುಟ್ಟಿದ್ದು, ಎಳೆದದ್ದು ಮಾತ್ರ ಸ್ವಲ್ಪ ಗೊತ್ತಾಗುತ್ತದೆ. ಎದೆಯ ಹತ್ತಿರ ಒಂದು ಬಟ್ಟೆಯ ಪರದೆ ಕಟ್ಟುತ್ತಾರೆ. ಆಪರೇಷನ್ ಶುರುವಾಗಿ ಸಾಮಾನ್ಯವಾಗಿ ಹತ್ತು ಹದಿನೈದು ನಿಮಿಷದೊಳಗೆ ಮಗು ಹೊರಗೆ. ಆಮೇಲೆ ಹೊಲಿಗೆ ಹಾಕುವುದಕ್ಕೆ ಅರ್ಧ ಗಂಟೆ, ಮುಕ್ಕಾಲು ಗಂಟೆ.

ಇಷ್ಟೂ ಹೊತ್ತು ತಾಯಿ ಎಚ್ಚರವಾಗಿರುತ್ತಾಳೆ. ಪರದೆ ಇರುವುದರಿಂದ ಕಣ್ಣಿಗೆ ಏನೂ ಕಾಣದು. ಕೈ ಒಂದರಲ್ಲಿ ಡ್ರಿಪ್, ಇನ್ನೊಂದರಲ್ಲಿ ಬಿಪಿ ಪಟ್ಟಿ. ಅವಳ ಪಾಲಿಗೆ ಉಳಿಯುವುದು ಕಿವಿ ಒಂದೇ. ಆ ಕಿವಿಗೆ ಏನು ಬೀಳುತ್ತದೆ ಎಂಬುದು ಸಣ್ಣ ವಿಷಯವಲ್ಲ.

ನನ್ನ ಮಗಳಿಗೆ ಏಳು ವರ್ಷದ ಹಿಂದೆ ಮೊದಲ ಹೆರಿಗೆ ತುರ್ತಾಗಿ ಸಿಸೇರಿಯನ್ ಆಯಿತು. ಆಸ್ಪತ್ರೆಯ ಹೆಸರು ಬೇಡ. ವೈದ್ಯರು ಕೆಲಸ ಚೆನ್ನಾಗಿಯೇ ಮಾಡಿದರು, ತಾಯಿ ಮಗು ಸುಖವಾಗಿ ಮನೆಗೆ ಬಂದರು. ಆದರೆ ಅವಳ ಮನಸ್ಸಿನಲ್ಲಿ ಉಳಿದದ್ದು ಬೇರೆ. ಪರದೆಯ ಆಚೆ ನಿಂತವರು ಉದ್ದಕ್ಕೂ ಸೈಟಿನ ರೇಟು ಮಾತಾಡುತ್ತಿದ್ದರಂತೆ. ಏರ್‌ಪೋರ್ಟ್ ರಸ್ತೆಯಲ್ಲಿ ಚದರಡಿಗೆ ಎಷ್ಟು, ಒಳಗೆ ಹೋದರೆ ಎಷ್ಟು, ಯಾರು ಯಾವಾಗ ಮಾರಿ ಕೆಟ್ಟರು! 2008ರಲ್ಲಿ ವಿಮಾನ ನಿಲ್ದಾಣ ಶುರುವಾದಂದಿನಿಂದ ನಮ್ಮೂರಲ್ಲಿ ಆ ಮಾತಿಲ್ಲದ ಜಾಗವಿಲ್ಲ, ನಿಜ. ‘ಅಮ್ಮ, ನಾನೊಬ್ಬಳು ಅಲ್ಲಿ ಮಲಗಿದ್ದೀನಿ ಅನ್ನೋದೇ ಅವರಿಗೆ ಮರೆತುಹೋಗಿತ್ತು. ಮಗು ಅತ್ತಿದ್ದು ಆ ಮಾತಿನ ಮಧ್ಯೆ ಸರಿಯಾಗಿ ಕೇಳಿಸ್ಲೇ ಇಲ್ಲ’ ಎಂದು ಅವಳು ನನಗೆ ಹೇಳಿದ್ದು ಮೂರು ವರ್ಷ ಕಳೆದ ಮೇಲೆ.

ಈ ಸಲ ಎರಡನೆಯದು. ಪರೀಕ್ಷೆ ಮಾಡಿದ ವೈದ್ಯರು ಮತ್ತೆ ಸಿಸೇರಿಯನ್ನೇ ಕ್ಷೇಮ ಎಂದು, 39 ವಾರ ತುಂಬಿದ ಮೇಲಿನ ಎರಡು ದಿನ ಹೇಳಿದರು. ನಮ್ಮ ಮನೆಯವರು ಪಂಚಾಂಗ ತೆಗೆದರು. ಆ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ, ಮೂರನೆಯದು ಹುಡುಕಬೇಡಿ ಎಂದು ವೈದ್ಯರು ನಗುತ್ತಲೇ ಕಟ್ಟುನಿಟ್ಟಾಗಿ ಹೇಳಿದ್ದರಿಂದ ಮುಹೂರ್ತದ ಗಲಾಟೆ ಬೇಗ ಮುಗಿಯಿತು. ಆಗ ಮಗಳು ಕೇಳಿದಳು: ‘ಥಿಯೇಟರಲ್ಲಿ ನನಗೆ ಬೇಕಾದ್ದು ಏನಾದ್ರೂ ಕೇಳಿಸ್ಕೋಬಹುದಾ ಡಾಕ್ಟ್ರೇ?’ ಯೋಚನೆ ಮಾಡಿಕೊಂಡು ಬಾ, ಮಾತಾಡೋಣ ಎಂದರು.

ಮನೆಗೆ ಬಂದರೆ ಎಲ್ಲರೂ ಸಂಗೀತ ವಿದ್ವಾಂಸರೇ! ಹುಟ್ಟುವ ಮಗುವಿನ ಕಿವಿಗೆ ಮೊದಲು ಬೀಳುವುದು ದೇವರ ನಾಮವಾಗಬೇಕು ಎಂದು ತಾತ. ಬೀಗಿತ್ತಿಯವರಿಗೆ ವಿಷ್ಣು ಸಹಸ್ರನಾಮವೇ ಆಗಬೇಕು. ಅಳಿಯಂದಿರು ಫೋನಿನಲ್ಲಿ ‘ಮನಸ್ಸಿಗೆ ನೆಮ್ಮದಿ’ ಎಂಬ ಹೆಸರಿನ ಮಳೆ ಸದ್ದು, ಹೊಳೆ ಸದ್ದು ಹುಡುಕಿಟ್ಟರು. ಏಳು ವರ್ಷದ ಮೊಮ್ಮಗ ಥಿಯೇಟರ್ ಎಂದರೆ ಸಿನಿಮಾದ್ದೇ ಎಂದು ತಿಳಿದು ತನ್ನ ಡ್ಯಾನ್ಸ್ ಹಾಡನ್ನು ಶಿಫಾರಸು ಮಾಡಿದ. ಯಾರೂ ಮಗಳನ್ನು ಕೇಳಲಿಲ್ಲ. ಅವಳು ಕಡಲೆಕಾಯಿ ಸುಲಿಯುತ್ತಾ ಎಲ್ಲರ ಮಾತು ಮುಗಿಯಲಿ ಎಂದು ಕಾದಳು. ಕೊನೆಗೆ ‘ಮಲಗೋಳು ನಾನು’ ಎಂದಳು. ಎರಡೇ ಪದ. ಮನೆ ತಣ್ಣಗಾಯಿತು.

ಅಷ್ಟಾದ ಮೇಲೆ ನಾವು ಸಮಾಧಾನವಾಗಿ ವಿಷಯ ತಿಳಿದುಕೊಳ್ಳಲು ಹೊರಟೆವು. ಆಪರೇಷನ್ ಕೋಣೆಗೆ ಸಂಗೀತ ತಂದವರಲ್ಲಿ ಮೊದಲಿಗರೊಬ್ಬರು ಅಮೆರಿಕದ ಪೆನ್ಸಿಲ್ವೇನಿಯಾದ ವೈದ್ಯ ಇವಾನ್ ಓನೀಲ್ ಕೇನ್. ರೋಗಿಗಳ ಹೆದರಿಕೆ ಕಳೆಯಲು ಗ್ರಾಮಫೋನ್ ಇಟ್ಟಿದ್ದೇನೆಂದು ಅವರು 1914ರಲ್ಲೇ ವೈದ್ಯ ಪತ್ರಿಕೆಯೊಂದಕ್ಕೆ ಬರೆದರು. ಮಹಾ ಗಟ್ಟಿ ಆಸಾಮಿ! 1921ರಲ್ಲಿ ತಮ್ಮ ಹೊಟ್ಟೆಯ ಅಪೆಂಡಿಕ್ಸನ್ನು ತಾವೇ ಆಪರೇಷನ್ ಮಾಡಿಕೊಂಡು ತೆಗೆದವರು. ಮಕ್ಕಳೇ, ಇದನ್ನು ನೀವು ಮಾಡಿ ನೋಡುವಂತಿಲ್ಲ.

ಕೇನ್ ನಂಬಿದ್ದು ನಿಜವೇ? ಬೇರೆ ಬೇರೆ ದೇಶಗಳ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಎಂಬ ಸಂಸ್ಥೆಯಿದೆ. ಆಪರೇಷನ್‌ಗೆ ಮೊದಲು ಕಾಯುವಾಗ ಸಂಗೀತ ಕೇಳಿದವರ ಆತಂಕ ಕಡಿಮೆಯಾಗುತ್ತದೆಯೇ ಎಂದು ಅದು 2013ರಲ್ಲಿ ನೋಡಿತು. 26 ಪ್ರಯೋಗಗಳು, ಎರಡು ಸಾವಿರ ಚಿಲ್ಲರೆ ಜನ. ಕಡಿಮೆಯಾಗಬಹುದು ಎಂಬ ಕಡೆಗೇ ಫಲಿತಾಂಶ ವಾಲಿತು. ಸಿಸೇರಿಯನ್ ನಡೆಯುವಾಗಲೇ ಸಂಗೀತ ಕೇಳಿಸುವುದರ ಬಗ್ಗೆ 2009ರಲ್ಲಿ ನೋಡಿದಾಗ ಸರಿಯಾದ ಪ್ರಯೋಗ ಸಿಕ್ಕಿದ್ದು ಒಂದೇ. ನಾಡಿಬಡಿತ ಸ್ವಲ್ಪ ತಗ್ಗಿತು, ತಾಯಂದಿರ ಸಮಾಧಾನ ಸ್ವಲ್ಪ ಹೆಚ್ಚಿತು, ಅಷ್ಟೆ. ಅಂದರೆ ಸಂಗೀತ ಔಷಧಿಯಲ್ಲ, ಹೆದರಿದವರ ಕೈ ಹಿಡಿದುಕೊಂಡಂತೆ.

ಹಾಗಾದರೆ ಮಗುವಿಗೆ? ತಾತನ ವಾದ ನೆನಪಿದೆಯಲ್ಲ, ಮೊದಲು ಕೇಳಿಸಬೇಕಾದದ್ದು ದೇವರ ನಾಮ ಎಂದು. ಇಲ್ಲೊಂದು ಸ್ವಾರಸ್ಯವಿದೆ. ಮಗುವಿನ ಕಿವಿ ಹುಟ್ಟಿದ ದಿನ ತೆರೆಯುವುದಲ್ಲ. ಆರನೆಯ ತಿಂಗಳ ಆಸುಪಾಸಿನಿಂದಲೇ ಅದು ಹೊಟ್ಟೆಯೊಳಗೆ ಸದ್ದಿಗೆ ಸ್ಪಂದಿಸತೊಡಗುತ್ತದೆ. ಅಮ್ಮನ ಎದೆಬಡಿತ, ಅಮ್ಮನ ದನಿ ಅದಕ್ಕೆ ದಿನವಿಡೀ ಪಾಠ. 1980ರಲ್ಲಿ ಅಮೆರಿಕದ ಡಿಕ್ಯಾಸ್ಪರ್ ಮತ್ತು ಫೈಫರ್ ಎಂಬ ಇಬ್ಬರು ಹುಟ್ಟಿ ಮೂರು ದಿನದೊಳಗಿನ ಕೂಸುಗಳ ಬಾಯಿಗೆ ಒಂದು ನಿಪ್ಪಲ್ ಕೊಟ್ಟರು. ಒಂದು ರೀತಿ ಚೀಪಿದರೆ ತನ್ನ ತಾಯಿಯ ದನಿ, ಇನ್ನೊಂದು ರೀತಿ ಚೀಪಿದರೆ ಬೇರೊಬ್ಬ ಹೆಂಗಸಿನ ದನಿ. ಕೂಸುಗಳು ತಾಯಿಯ ದನಿ ಬರುವ ಹಾಗೆ ಚೀಪಲು ಕಲಿತವು! ಎಂದರೆ ಮಗುವಿಗೆ ಪರಿಚಯದ ಸಂಗೀತ ಯಾವುದೆಂದು ಆಗಲೇ ತೀರ್ಮಾನವಾಗಿಬಿಟ್ಟಿದೆ. ಇದನ್ನು ಹೇಳಿದಾಗ ತಾತ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಾಗಿದ್ರೆ ಇವತ್ತಿಂದ ಸಂಜೆ ದೇವರ ನಾಮ ನೀನೇ ಹೇಳಮ್ಮ, ನಿನ್ನ ದನೀಲೇ ಕೇಳಿಸ್ಕೊಳ್ಳಲಿ’ ಎಂದರು. ಮಗಳೂ ಒಪ್ಪಿದಳು.

ಇನ್ನು ಥಿಯೇಟರಿನವರ ಕಡೆಯ ಮಾತು. ಅದನ್ನು ಕೇಳದೆ ತೀರ್ಮಾನಿಸುವುದು ನ್ಯಾಯವಲ್ಲ. ಬೆರಳಿಗೆ ಬಟ್ಟೆ ಕ್ಲಿಪ್ಪಿನ ಹಾಗೆ ಒಂದು ಸಾಧನ ಸಿಕ್ಕಿಸುತ್ತಾರಲ್ಲ, ಕೊರೊನಾ ಕಾಲದಲ್ಲಿ ಎಷ್ಟೋ ಮನೆಗಳಿಗೆ ಬಂದದ್ದು, ಅದು ಪಲ್ಸ್ ಆಕ್ಸಿಮೀಟರ್. ಬೆರಳಿನ ಮೂಲಕ ಬೆಳಕು ಹಾಯಿಸಿ ರಕ್ತದ ಆಮ್ಲಜನಕ ಅಳೆಯುವ ಈ ತತ್ವವನ್ನು ಜಪಾನಿನ ಎಂಜಿನಿಯರ್ ತಕುವೊ ಅಯೊಯಾಗಿ 1974ರಲ್ಲಿ ಮುಂದಿಟ್ಟರು. ಥಿಯೇಟರಿನಲ್ಲಿರುವ ಯಂತ್ರ ಪ್ರತಿ ನಾಡಿಬಡಿತಕ್ಕೂ ‘ಬೀಪ್’ ಎನ್ನುತ್ತದೆ. ಗಮ್ಮತ್ತೇನು ಗೊತ್ತೇ? ಆಮ್ಲಜನಕ ಇಳಿದರೆ ಆ ಬೀಪ್‌ನ ಸ್ವರವೂ ಇಳಿಯುತ್ತದೆ. ಅರಿವಳಿಕೆ ವೈದ್ಯರು ಇನ್ನೇನೋ ಮಾಡುತ್ತಿದ್ದರೂ ಅವರ ಕಿವಿ ಆ ಶ್ರುತಿಯ ಮೇಲೇ. ತಂಬೂರಿ ಶ್ರುತಿ ತಪ್ಪಿದರೆ ಹಾಡುವವರಿಗೆ ಹೇಗೆ ತಕ್ಷಣ ತಿಳಿಯುತ್ತದೋ ಹಾಗೆ. ಅದನ್ನು ಮುಳುಗಿಸುವ ಹಾಡು ಎಷ್ಟೇ ಭಕ್ತಿಯದಾದರೂ ಅಲ್ಲಿ ಸಲ್ಲದು. ಹೊಲಿಗೆಗೆ ಮೊದಲು ಬಟ್ಟೆ, ಸೂಜಿಗಳನ್ನು ಗಟ್ಟಿಯಾಗಿ ಎಣಿಸುತ್ತಾರೆ. ಆ ಎಣಿಕೆಯೂ ಎಲ್ಲರಿಗೂ ಕೇಳಬೇಕು.

ನಮ್ಮೂರ ಮಕ್ಕಳಿಗೆ ಇದನ್ನು ತಿಳಿಸುವುದು ಸುಲಭ. ನಿಮ್ಮ ಶಾಲೆಯ ಮೇಲೇ ವಿಮಾನಗಳು ಇಳಿಯುವುದನ್ನು ದಿನಾ ನೋಡುತ್ತೀರಿ. ವಿಮಾನ 10,000 ಅಡಿಗಿಂತ ಕೆಳಗಿದ್ದಾಗ, ಅಂದರೆ ಏರುವಾಗ ಮತ್ತು ಇಳಿಯುವಾಗ, ಪೈಲಟ್‌ಗಳು ಹಾರಾಟಕ್ಕೆ ಸಂಬಂಧವಿಲ್ಲದ ಒಂದು ಮಾತೂ ಆಡಬಾರದು. ಅಮೆರಿಕದಲ್ಲಿ 1981ರಲ್ಲಿ ಬಂದ ಈ ನಿಯಮಕ್ಕೆ ‘ಸ್ಟೆರೈಲ್ ಕಾಕ್‌ಪಿಟ್’ ಎಂದು ಹೆಸರು. ಹರಟೆಯಿಂದ ಗಮನ ತಪ್ಪಿ ವಿಮಾನಗಳು ಬಿದ್ದ ಮೇಲೆ ಕಲಿತ ಪಾಠ ಅದು. ಆಪರೇಷನ್‌ನಲ್ಲೂ ಏರುವ ಹೊತ್ತು, ಇಳಿಯುವ ಹೊತ್ತು ಇದೆ: ಇಂಜೆಕ್ಷನ್ ಕೊಟ್ಟ ಮೊದಲ ನಿಮಿಷಗಳು, ಮಗು ಹೊರಬರುವ ಹೊತ್ತು, ಎಣಿಕೆಯ ಹೊತ್ತು. ಅಲ್ಲಿ ಹಾಡೂ ಬೇಡ, ಸೈಟಿನ ರೇಟೂ ಬೇಡ. ಈ ಮಾತು ಕೇಳಿ ಮಗಳಿಗೆ ಆದ ಸಮಾಧಾನ ಅಷ್ಟಿಷ್ಟಲ್ಲ. ಮೊದಲ ಸಲ ಅವಳಿಗೆ ಸಿಗದೆ ಹೋದದ್ದು ಹಾಡಲ್ಲ. ತನ್ನ ಕಡೆಗೆ ಒಂದಿಷ್ಟು ಗಮನ.

ಕೊನೆಗೆ ವೈದ್ಯರೂ ಅವಳೂ ಕೂತು ಒಪ್ಪಂದಕ್ಕೆ ಬಂದರು. ಮನೆಯ ಫೋನು ಒಳಗೆ ಬರಕೂಡದು, ಥಿಯೇಟರಿನಲ್ಲೇ ಇರುವ ಪುಟ್ಟ ಸ್ಪೀಕರ್ ಸಾಕು. ಎರಡೂ ಕಿವಿಗೆ ಇಯರ್‌ಫೋನ್ ಬೇಡ. ‘ಉಸಿರಾಟ ಸರಿಯಾಗಿದೆಯಾ, ವಾಕರಿಕೆ ಬರ್ತಿದೆಯಾ’ ಎಂದು ಕೇಳಿದರೆ ಅವಳಿಗೆ ಕೇಳಿಸಬೇಕು. ಮಾತಿಗಿಂತ ಸಣ್ಣ ದನಿಯಲ್ಲಿ ಹಾಡು. ಯಾರೇ ಆಗಲಿ ‘ನಿಲ್ಲಿಸಿ’ ಎಂದರೆ ಕಾರಣ ಕೇಳದೆ ನಿಲ್ಲಿಸುವುದು. ಮಗಳು ಆರಿಸಿಕೊಂಡದ್ದು ವೀಣೆ. ಪದಗಳಿದ್ದರೆ ಮನಸ್ಸು ಪದದ ಹಿಂದೆ ಹೋಗುತ್ತದೆ, ಸ್ವರವಾದರೆ ಸುಮ್ಮನೆ ಜೊತೆಗಿರುತ್ತದೆ ಎಂಬುದು ಅವಳ ಲೆಕ್ಕ. ಜೋಗುಳಕ್ಕೆ ಒಗ್ಗಿದ ನೀಲಾಂಬರಿ ರಾಗವೂ ಅದರಲ್ಲಿತ್ತು. ತಮ್ಮನ ಸ್ವಾಗತಕ್ಕೋ ತಂಗಿಯ ಸ್ವಾಗತಕ್ಕೋ ಮೊಮ್ಮಗನ ಡ್ಯಾನ್ಸ್ ಹಾಡು ಒಂದು, ಹೊಲಿಗೆಯ ಹೊತ್ತಿಗೆ ಎಂದು ಪಟ್ಟಿಯ ಕೊನೆಗೆ ಸೇರಿತು.

ಆ ದಿನ ನಡೆದದ್ದನ್ನು ಅವಳ ಬಾಯಲ್ಲೇ ಕೇಳಿದೆ. ಮೇಜಿನ ಮೇಲೆ ಬೆನ್ನು ಬಾಗಿಸಿ ಕೂತು ಇಂಜೆಕ್ಷನ್‌ಗೆ ಕಾಯುವಾಗ ಕಾಲು ನಡುಗುತ್ತಿತ್ತಂತೆ. ವೀಣೆ ಹಾಕಿದರು, ನರ್ಸಮ್ಮ ಭುಜ ಹಿಡಿದುಕೊಂಡರು. ನಡುಕ ನಿಂತದ್ದು ಯಾವುದರಿಂದಲೋ ಗೊತ್ತಿಲ್ಲ, ನಿಂತಿತು. ‘ಇನ್ನೆರಡು ನಿಮಿಷಕ್ಕೆ ಮಗು ಬರುತ್ತಮ್ಮ’ ಎಂದು ವೈದ್ಯರು ಹೇಳಿದಾಗ ಅವಳೇ ‘ಹಾಡು ನಿಲ್ಲಿಸಿ’ ಎಂದಳು. ಕೋಣೆ ನಿಶ್ಶಬ್ದ. ಬೀಪ್, ಬೀಪ್. ಆಮೇಲೆ ಅಳು, ಕಟ್ಟಡ ಕಿತ್ತುಹೋಗುವಂಥ ಅಳು! ಹೆಣ್ಣುಮಗು. ಬಟ್ಟೆಯಲ್ಲಿ ಸುತ್ತಿ ಅಮ್ಮನ ಕೆನ್ನೆಯ ಹತ್ತಿರ ತಂದರು. ಅವಳು ಏನೋ ಮಾತಾಡಿದಳು, ಕೂಸು ಅಳು ನಿಲ್ಲಿಸಿ ಆ ಕಡೆ ತಿರುಗಿತು. ಹೊಲಿಗೆಯ ಹೊತ್ತಿನ ಹಾಡು ಹಾಕಲು ಯಾರಿಗೂ ನೆನಪಾಗಲಿಲ್ಲ. ಮೊಮ್ಮಗನಿಗೆ ಇದು ತಿಳಿದು ದೊಡ್ಡ ಜಗಳವಾಯಿತು. ಮೂರನೆಯ ದಿನ ತೊಟ್ಟಿಲ ಮುಂದೆ ಅವನೇ ಹಾಡಿ ಕುಣಿದು ಬಾಕಿ ತೀರಿಸಿದ.

ಅಜ್ಜಿ ತಾತಂದಿರಿಗೆ ನನ್ನ ಮಾತು ಇಷ್ಟು. ನಿಮ್ಮ ಮನೆಯಲ್ಲಿ ಇಂಥ ದಿನ ಬಂದರೆ ಮೊದಲು ಬಸುರಿಯನ್ನು ಕೇಳಿ. ಹಾಡು ಬೇಕು ಅಂದರೆ ಯಾವುದು ಎಂದು ಅವಳೇ ಹೇಳಲಿ. ಬೇಡ ಅಂದರೆ ಅದೂ ಒಂದು ಆಯ್ಕೆ. ಕೆಲವರಿಗೆ ನಿಶ್ಶಬ್ದವೇ ಧೈರ್ಯ, ಕೆಲವರಿಗೆ ‘ಈಗ ಇದು ಮಾಡ್ತಿದ್ದೀವಮ್ಮ’ ಎಂದು ವೈದ್ಯರು ಹೇಳುತ್ತಿದ್ದರೆ ಧೈರ್ಯ. ಮೊದಲೇ ಆಸ್ಪತ್ರೆಯವರನ್ನು ಕೇಳಿ ಇಟ್ಟುಕೊಳ್ಳಿ, ಥಿಯೇಟರ್ ಬಾಗಿಲಲ್ಲಿ ನಿಂತು ವಾದಿಸಬೇಡಿ. ಕೆಲವು ಕಡೆ ಒಪ್ಪುವುದಿಲ್ಲ. ಒಪ್ಪದಿದ್ದರೆ ಏನೂ ನಷ್ಟವಿಲ್ಲ, ಒಳಗೆ ಹೋಗುವವರೆಗೆ ಕೈ ಹಿಡಿದು ಮಾತಾಡಿ. ತುರ್ತಿನ ಹೆರಿಗೆಯಾದರಂತೂ ಹಾಡಿನ ಮಾತೇ ಎತ್ತಬಾರದು. ಆಗ ಒಂದೊಂದು ನಿಮಿಷವೂ ವೈದ್ಯರದು.

ಮಕ್ಕಳೇ, ನಿಮಗೊಂದು ಕೆಲಸ. ಈ ವಾರ ಅಮ್ಮನನ್ನು ಕೇಳಿ: ‘ನಾನು ಹುಟ್ಟಿದಾಗ ನಿನಗೆ ಮೊದಲು ಕೇಳಿಸಿದ್ದು ಏನು?’ ಅಜ್ಜಿಯನ್ನೂ ಕೇಳಿ. ಮಳೆಯೋ, ಗುಡಿಯ ಗಂಟೆಯೋ, ಪಕ್ಕದ ಮನೆಯ ರೇಡಿಯೋವೋ, ನಮ್ಮೂರಾದರೆ ವಿಮಾನವೋ. ಹೇಳಿದ್ದನ್ನು ನೋಟ್‌ಬುಕ್ಕಿನಲ್ಲಿ ದಿನಾಂಕ ಹಾಕಿ ಬರೆದಿಡಿ. ಕೇಳುವಾಗ ಟಿ.ವಿ. ಆರಿಸಿ ಕೂತುಕೊಳ್ಳಿ, ಅಮ್ಮ ಸಣ್ಣ ದನಿಯಲ್ಲಿ ಹೇಳಬಹುದು.